ಮಂಡಿ ನೋವಿನ ಪುಟ

ತಮ್ಮ ಒಳಗೆ ಕಾಲಿಡುತ್ತಿದ್ದಂತೆ ಅಕ್ಕ ಹೊಲಿಗೆ ಮಿಷನ್ನಿನ ಮುಂದಿದ್ದ ಕುರ್ಚಿಯಿಂದ ಎದ್ದು ನಿಂತಳು. ಆ ಕೋಣೆಯಲ್ಲಿ ಇರುವುದು ಅದೊಂದೇ ಕುರ್ಚಿ. ಬಂದಾಗಲೆಲ್ಲ ಅವನು ಬಟ್ಟೆ ಚೂರುಗಳನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂರುವುದು ವಾಡಿಕೆ.

“ಇಲ್ಲಿ ಕೂತ್ಕೋ. ಕೆಳಗೆ ಕೂತ್ರೆ ಏಳೋದು ಕಷ್ಟ.”

“ಯಾರಿಗೆ?”

“ಯಾರಿಗೆ ಅಂತೆ. ಮಾತಾಡ್ದೆ ಕೂತ್ಕೋ.”

ಅವನು ಕೂತ. ಅಕ್ಕ ಗೋಡೆ ಹಿಡಿದು, ಎಡಗಾಲನ್ನು ಉದ್ದಕ್ಕೆ ಚಾಚಿ, ಇಷ್ಟಿಷ್ಟೇ ಜಾರುತ್ತ ನೆಲಕ್ಕೆ ಇಳಿದಳು. ಉಟ್ಟ ಬಟ್ಟೆ ಮೇಲೆ ಸರಿದಾಗ ಮಂಡಿಗೆ ಬಿಗಿದಿದ್ದ ಕಪ್ಪು ಬೆಲ್ಟು ಕಾಣಿಸಿತು. ಅದರ ಅಂಚಿನುದ್ದಕ್ಕೂ ಚರ್ಮ ಕೆಂಪಾಗಿತ್ತು. ಬೆಲ್ಟನ್ನು ಅವನು ನೋಡಿದೊಡನೆ ಗುರುತು ಹಿಡಿದ. ಹಿಡಿಯದೆ ಏನು, ಅದರ ಏಳು ಫೋಟೋಗಳನ್ನು ತನ್ನ ವೆಬ್‌ಸೈಟಿಗೆ ಹಾಕಿದವನೇ ಅವನು. ಕಣ್ಣಾರೆ ಕಂಡದ್ದು ಮಾತ್ರ ಇದೇ ಮೊದಲು.

ಹನ್ನೆರಡು ವರ್ಷದಿಂದ ಅವನು ಪದಕ್ಕಿಷ್ಟು ಎಂದು ಕಂಡವರಿಗೆಲ್ಲ ಬರೆದುಕೊಟ್ಟವನು. ಕಂಪನಿಗಳ ಕೈಪಿಡಿ, ದಂತವೈದ್ಯರ ಭಾಷಣ, ಯಾರದೋ ನಿವೃತ್ತಿಗೆ ಯಾರದೋ ಕಣ್ಣೀರು. ಬರೆದ ದಿನ ಅನ್ನ, ಬರೆಯದ ದಿನ ಇಲ್ಲ. ನೀನು ಮಲಗಿದ್ದರೂ ನಿನ್ನ ವೆಬ್‌ಸೈಟು ದುಡಿಯುತ್ತದೆ ಎಂದು ಇಂಥದೇ ಕೆಲಸದ ಗೆಳೆಯನೊಬ್ಬ ತಲೆಗೆ ಹುಳ ಬಿಟ್ಟ. ಸಾಮಾನು ಕೊಂಡು ಬಳಸಿ ನೋಡಿದವನ ಹಾಗೆ ಬರೆಯಬೇಕು, ಕೆಳಗೆ ಅಂಗಡಿಯ ಲಿಂಕು ಹಾಕಬೇಕು, ಓದಿದವರು ಅದನ್ನೊತ್ತಿ ಕೊಂಡರೆ ಕಮಿಷನ್. ಆದರೆ ಕೊಂಡು ನೋಡಲು ಕೈಯಲ್ಲಿ ಏನಿತ್ತು, ಮಣ್ಣು? ಬೇರೆಯವರು ಬರೆದ ಹತ್ತನ್ನು ಓದಿ ಹನ್ನೊಂದನೆಯದನ್ನು ತಾನು ಬರೆದ.

ಮಂಡಿ ಬೆಲ್ಟಿನ ಬಗ್ಗೆ ಬರೆಯುವಾಗಲಂತೂ ಕೈ ಚೆನ್ನಾಗಿ ಓಡಿತ್ತು. ‘ಮೆಟ್ಟಿಲಿಳಿಯುವಾಗ ಅಳುತ್ತಿದ್ದೆ. ಮನೆಯವರಿಗೆ ಹೇಳಿರಲಿಲ್ಲ’ ಎಂದು ಬರೆದ. ‘ಮೊದಲ ಎರಡು ವಾರ ಉರಿಯುತ್ತದೆ, ಬಿಡಬೇಡಿ. ಮೂರನೆಯ ವಾರಕ್ಕೆ ನೋವು ಮಾಯ’ ಎಂದೂ ಬರೆದ. ಎರಡು ಮೂರರ ಲೆಕ್ಕ ಎಲ್ಲಿಂದ ಬಂತೋ, ಬರೆಯುವ ಓಟದಲ್ಲಿ ಬಂತು. ವೆಬ್‌ಸೈಟು ಶುರುವಾದ ದಿನ ಬಂಧುಬಳಗಕ್ಕೆಲ್ಲ ಕಳಿಸಿ, ಒಂದು ಸಲ ತೆರೆದು ಮುಚ್ಚಿದರೆ ಸಾಕು, ನೋಡಿದವರ ಎಣಿಕೆ ಏರುತ್ತದೆ ಎಂದಿದ್ದ. ಓದಿ ಎಂದಿರಲಿಲ್ಲ. ಮನೆಯವರು ಓದುತ್ತಾರೆಂದು ಯಾವ ಬರಹಗಾರ ತಾನೇ ನಂಬುತ್ತಾನೆ?

ಎರಡು ವಾರದ ಹಿಂದೆ ಮೊದಲ ಮಾರಾಟದ ಸಂದೇಶ ಬಂದಾಗ ಕೋಣೆಯಲ್ಲಿ ಒಬ್ಬನೇ ಕುಣಿದಿದ್ದ. ಇಷ್ಟು ದೊಡ್ಡ ಲೋಕದಲ್ಲಿ ಯಾರೋ ಗುರುತಿಲ್ಲದವರು ತನ್ನ ಮಾತು ನಂಬಿದರಲ್ಲ ಎಂದು. ಆ ಸುದ್ದಿ ಹೇಳಲೆಂದೇ ಈಗ ಅಕ್ಕನ ಮನೆಗೆ ಬಂದದ್ದು.

“ಇದನ್ನ ಎಲ್ಲಿ ತಗೊಂಡೆ?” ಅವನಿಗೆ ಉತ್ತರ ಗೊತ್ತಿತ್ತು.

“ನಿನ್ನ ಪುಟದಲ್ಲೇ. ಆ ಲಿಂಕು ಒತ್ತಿ ತಗೊಂಡ್ರೆ ನಿನಗೂ ಏನೋ ಬರುತ್ತಂತಲ್ಲ, ಅದನ್ನೇ ಒತ್ತಿದೆ.” ಅಕ್ಕ ಕೊರಳಲ್ಲಿದ್ದ ಅಳತೆಯ ಟೇಪನ್ನು ತೆಗೆದು ಸುರುಳಿ ಸುತ್ತತೊಡಗಿದಳು. “ನನ್ನದಿರ್ಲಿ. ಅಷ್ಟು ನೋವಿಟ್ಕೊಂಡು ನನಗೊಂದು ಮಾತು ಹೇಳ್ಲಿಲ್ವಲ್ಲೋ. ಮೆಟ್ಲು ಇಳೀತಾ ಅಳ್ತಿದ್ನಂತೆ. ಅದನ್ನ ಓದಿ ಎರಡು ದಿನ ನನಗೆ ಗಂಟಲಲ್ಲಿ ತುತ್ತು ಇಳೀಲಿಲ್ಲ. ಬಂದಾಗೆಲ್ಲ ನಿನ್ನ ನೆಲದ ಮೇಲೆ ಕೂರಿಸ್ತಿದ್ನಲ್ಲ ಅಂತ.”

ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕುರ್ಚಿಯಿಂದ ಎದ್ದರೆ ಮತ್ತೆ ಕೂರು ಎನ್ನುತ್ತಾಳೆ ಎಂದು ಏಳಲೂ ಇಲ್ಲ.

“ಅಕ್ಕ, ಅದನ್ನ ಬಿಚ್ಚು. ಚರ್ಮ ಕೆಂಪಾಗಿದೆ.”

“ಇದು ಎರಡನೇ ವಾರ ಕಣೋ. ಉರಿಯುತ್ತೆ ಅಂತ ನೀನೇ ಬರ್ದಿದೀಯ. ಪಾದ ಬೇರೆ ಜೋಮು ಹಿಡಿಯುತ್ತೆ, ಪೆಡಲ್ ಮೇಲೆ ಕಾಲಿದ್ಯೋ ಇಲ್ವೋ ಗೊತ್ತಾಗಲ್ಲ. ಆದ್ರೂ ಹಲ್ಲು ಕಚ್ಕೊಂಡಿದೀನಿ. ಇನ್ನೇನು, ಐದು ದಿನ.”

“ಡಾಕ್ಟ್ರಿಗೆ ತೋರಿಸ್ದೆಯಾ?”

“ಡಾಕ್ಟ್ರಿಗೇನು ಮಂಡಿ ನೋವು ಬಂದಿತ್ತಾ? ನಿನಗೆ ಬಂದಿತ್ತು.”

‘ಅಕ್ಕ, ಅದೆಲ್ಲ ಸುಳ್ಳು.’ ಹೇಳಬೇಕಾಗಿದ್ದದ್ದು ಇಷ್ಟೇ, ಮೂರು ಪದ. ಲಕ್ಷಗಟ್ಟಲೆ ಪದ ಮಾರಿದವನ ಬಾಯಿಂದ ಆ ಮೂರು ಹೊರಡಲಿಲ್ಲ. ಯಾರೋ ಮೆಸೇಜು ಮಾಡಿದ್ದಾರೆ ಎಂದು ಗೊಣಗಿ ಕಿಟಕಿಯ ಹತ್ತಿರ ಹೋದ. ಬೆನ್ನು ತಿರುಗಿಸಿ ಫೋನಿನಲ್ಲಿ ಪುಟ ತೆರೆದ. ‘ಬಿಡಬೇಡಿ’ ಎಂದಿದ್ದದ್ದನ್ನು ಅಳಿಸಿದ. ‘ಚರ್ಮ ಕೆಂಪಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ, ವೈದ್ಯರಿಗೆ ತೋರಿಸಿ’ ಎಂದು ಬರೆದ. ‘ನನಗೂ ಹಾಗೇ ಆಗಿತ್ತು’ ಎಂಬ ಕೊನೆಯ ಮಾತನ್ನು ಅವನು ಬರೆಯಬೇಕೆಂದು ಬರೆಯಲಿಲ್ಲ, ಕೈಗೆ ಅಭ್ಯಾಸವಾಗಿಹೋಗಿತ್ತು.

“ನೀನು ಪೂರ್ತಿ ಓದಿಲ್ಲ ಅನ್ಸುತ್ತೆ,” ಎಂದ. “ಇನ್ನೊಂದ್ಸಲ ತೆಗೆದು ನೋಡು.”

ಅಕ್ಕ ಕನ್ನಡಕ ಹಾಕಿಕೊಂಡು, ಫೋನಿನ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಓದಿದಳು. ಆ ಸಾಲು ಬಂದಾಗ ಬೆರಳು ನಿಂತಿತು.

“ಅಯ್ಯೋ, ಇಲ್ಲೇ ಇದೆ ನೋಡು. ನನ್ನ ಕಣ್ಣಿಗೆ ಬಿದ್ದೇ ಇಲ್ಲ. ನಾನೊಬ್ಳು ದಡ್ಡಿ, ಅರ್ಧಂಬರ್ಧ ಓದಿ ಕಟ್ಕೊಂಡು ಕೂತೆ.”

ಅವಳು ಬೆಲ್ಟನ್ನು ಪರ್ರನೆ ಎಳೆದು ಬಿಚ್ಚಿದಳು. ಕೆಳಗೆ ಮಂಡಿಯ ಎರಡೂ ಬದಿಗೆ ಹಸಿ ಗಾಯವಿತ್ತು. ಅವನು ಗಾಯವನ್ನು ನೋಡಿದ, ಆಮೇಲೆ ನೆಲ ನೋಡಿದ.

“ನಿನಗೂ ಹಿಂಗೇ ಆಗಿತ್ತಾ?”

“ಹೂಂ.”

“ಪಾಪ. ನಾಳೆ ಡಾಕ್ಟ್ರ ಹತ್ರ ಇಬ್ರೂ ಹೋಗೋಣ. ನಿನ್ನದನ್ನೂ ಒಂದ್ಸಲ ತೋರಿಸ್ಬಿಡೋಣ.”

ಸ್ವಲ್ಪ ಹೊತ್ತು ಕೂತು, ಹೊರಟು ನಿಂತ. ತಂದ ಸುದ್ದಿ ತಂದ ಹಾಗೇ ಇತ್ತು. ಬೇಡವೆಂದರೂ ಕೇಳದೆ ಅಕ್ಕ ಕುಂಟುತ್ತ ಬಾಗಿಲವರೆಗೆ ಬಂದು ಚೌಕಟ್ಟಿಗೆ ಒರಗಿ ನಿಂತಳು.

“ಕಂಬಿ ಹಿಡ್ಕೊಂಡು ಇಳಿ. ಅವಸರ ಮಾಡ್ಬೇಡ.”

ಅವನು ಎರಡೆರಡು ಮೆಟ್ಟಿಲು ಹಾರಿ ಇಳಿಯುವವನು. ಇವತ್ತು ಹತ್ತಿದ್ದೂ ಹಾಗೇ. ತಲೆ ಎತ್ತಿ ನೋಡಿದ. ಅಕ್ಕ ಅವನ ಕಾಲನ್ನೇ ನೋಡುತ್ತಿದ್ದಳು.

ಅವನು ಕಂಬಿ ಹಿಡಿದ. ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ತುಸು ನಿಂತ.

“ಹಾಗೇ,” ಎಂದಳು ಅಕ್ಕ ಮೇಲಿನಿಂದ. “ನಿಧಾನಕ್ಕೆ.”

ಇನ್ನೂ ಹದಿನಾಲ್ಕು ಮೆಟ್ಟಿಲಿದ್ದವು.