ಬಿಸಿ ಆರದ ಪ್ಲಾಸ್ಟರ್

ನಮ್ಮಲ್ಲಿ ತಯಾರಾಗುವುದು ಬರೀ ಕೈಗಳು. ಬಟ್ಟೆ ಅಂಗಡಿಗಳಲ್ಲಿ ಉಡುಪು ತೊಟ್ಟು ನಿಲ್ಲುವ ಗೊಂಬೆಗಳಿಗೆ ಮುಂಡ ಒಬ್ಬರು ಮಾಡುತ್ತಾರೆ, ತಲೆ ಇನ್ನೊಬ್ಬರು, ಕೈ ನಮ್ಮದು. ತಮ್ಮ ಜೇಡಿಮಣ್ಣಿನಲ್ಲಿ ಕೈ ತಿದ್ದುತ್ತಾನೆ, ನಾನು ಅದರ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ಯುತ್ತೇನೆ. ಅವನ ಬೆರಳಿಗಿರುವ ನಯ ನನ್ನ ನಾಲಿಗೆಗಿಲ್ಲ ಅಂತ ಅವನೇ ಹೇಳುತ್ತಿರುತ್ತಾನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ನೂರಾರು ಬಿಳಿ ಕೈಗಳು, ಎಲ್ಲವೂ ಮಣಿಕಟ್ಟಿನಲ್ಲಿ ಕೊಂಚ ಕೆಳಕ್ಕೆ ಬಾಗಿರುತ್ತವೆ. ಹಾಗೆ ಬಾಗಿದರೇ ಚೆಂದ ಎಂಬುದು ನನ್ನ ಹಟ.

ಪ್ಲಾಸ್ಟರ್‌ಗೊಂದು ಗುಣವಿದೆ. ನೀರು ಬೆರೆಸಿ ಹೊಯ್ದ ಮೇಲೆ ತಾನಾಗಿ ಬಿಸಿಯಾಗುತ್ತದೆ. ಬಿಸಿಯಾದರೆ ಗಟ್ಟಿಯಾಗುತ್ತಿದೆ ಎಂದರ್ಥ. ಹಾಗಾಗಿ ‘ಬಿಸಿ ಬಂತು’ ಎಂಬುದು ನಮ್ಮಿಬ್ಬರಿಗೂ ಒಳ್ಳೆಯ ಸುದ್ದಿ.

ಒಂದು ಸೋಮವಾರ, ಮಣ್ಣಿನ ಕೈಗೆ ಆಧಾರವಾಗಿ ಒಳಗಿಡುವ ತಂತಿ ತಮ್ಮನ ಬಲ ಮಣಿಕಟ್ಟಿಗೆ ಚುಚ್ಚಿತು. ಸಾಸಿವೆ ಕಾಳಿನಷ್ಟು ಗಾಯ. ಇಬ್ಬರೂ ಕ್ಯಾರೆ ಅನ್ನಲಿಲ್ಲ. ಗುರುವಾರ ಮಣಿಕಟ್ಟು ಊದಿಕೊಂಡಿತು. ಉಳುಕಿರಬೇಕು ಎಂದೆ. ಆಸ್ಪತ್ರೆಗೆ ಹೊರಟವನನ್ನು ಗದರಿದೆ. ಜೀವಮಾನವಿಡೀ ಕೈಗಳಿಗೆ ಅಚ್ಚು ಹಾಕಿದವಳು ನಾನು, ಒಂದು ಉಳುಕಿಗೆ ಕಟ್ಟು ಹಾಕಿಸಲು ಇನ್ನೊಬ್ಬರ ಬಾಗಿಲಿಗೆ ಹೋಗಬೇಕೆ? ಕೈಯನ್ನು ಮೇಜಿನ ಮೇಲಿಡಿಸಿ, ಬಟ್ಟೆ ಸುತ್ತಿ, ಕೊಂಚ ಕೆಳಕ್ಕೆ ಬಾಗಿಸಿ ಪ್ಲಾಸ್ಟರ್ ಮೆತ್ತಿದೆ. ಅವನು ಹಲ್ಲು ಕಚ್ಚಿಕೊಂಡು, ಯಾಕಕ್ಕಾ ಬಾಗಿಸ್ತೀಯ ಎಂದ.

“ಚೆಂದ ಕಾಣುತ್ತೆ, ಸುಮ್ನಿರು,” ಎಂದೆ.

ಸ್ವಲ್ಪ ಹೊತ್ತಿಗೆ ಬಿಸಿ ಬಂತು. ನನಗೆ ಸಮಾಧಾನವಾಯಿತು.

ಶುಕ್ರವಾರ, ಇನ್ನೂ ಬಿಸಿ ಇದೆ ಎಂದ. ಒಳಗೆ ಒದ್ದೆ ಇರಬೇಕು, ನಿನ್ನ ಹಾಗೇ ಸೋಮಾರಿ ಪ್ಲಾಸ್ಟರ್ ಎಂದು ಛೇಡಿಸಿದೆ. ಶನಿವಾರ ಮಟಮಟ ಮಧ್ಯಾಹ್ನ ಅವನು ಊಟ ಬಿಟ್ಟು ಹಲಗೆಗಳ ಪಕ್ಕ ಕೂತಿದ್ದ. ನಾನು ಆ ಕಡೆ ನೋಡದೆ ಒಂದೊಂದೇ ಕೈಯ ಧೂಳು ಒರೆಸುತ್ತಾ ಬಂದೆ. ಎಲ್ಲವೂ ತಣ್ಣಗಿದ್ದವು. ಕೊನೆಯ ಹಲಗೆಯಲ್ಲಿ ಬೆರಳಿಗೆ ಸಿಕ್ಕ ಕೈ ಬಿಸಿಯಾಗಿತ್ತು.

ಥಟ್ಟನೆ ಕೈ ಎಳೆದುಕೊಂಡೆ. ತಿರುಗಿ ನೋಡಿದರೆ ಅದು ಹಲಗೆಗೆ ಆನಿಸಿಟ್ಟ ತಮ್ಮನ ಕಟ್ಟು. ಅವನು ಕಣ್ಣು ಮುಚ್ಚಿ ಜ್ವರದಿಂದ ನಡುಗುತ್ತಿದ್ದ.

ಪ್ಲಾಸ್ಟರ್ ಬಿಸಿಯಾಗುವುದು ಒಂದೇ ಸಲ, ಆಮೇಲೆ ಆರಿ ತಣ್ಣಗಾಗುತ್ತದೆ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ದಿನದಿಂದ ಬಿಸಿ ಬರುತ್ತಿದ್ದದ್ದು ಪ್ಲಾಸ್ಟರ್‌ನಿಂದಲ್ಲ. ಗರಗಸ ತಂದು ಕಟ್ಟನ್ನು ಸೀಳಿದೆ. ಒಳಗೆ ಮಣಿಕಟ್ಟು ಕೆಂಪಗೆ ಉಬ್ಬಿ, ಚರ್ಮ ಮಿರಮಿರ ಹೊಳೆಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಣಿಕಟ್ಟನ್ನು ಕೂದಲೆಳೆಯಷ್ಟು ಅಲುಗಿಸಿದರು. ಎಂದೂ ಕಿರುಚದವನು ಕಿರುಚಿದ. ಕೀಲಿಗೆ ಸೂಜಿ ಹಾಕಿ ಒಳಗಿನ ನೀರು ಎಳೆದರು. ಆರೋಗ್ಯವಾಗಿದ್ದರೆ ಅದು ತಿಳಿಯಾಗಿರುತ್ತದಂತೆ. ಇದು ನಾನು ಕೈ ತೊಳೆದ ಬಕೆಟ್ಟಿನ ನೀರಿನ ಹಾಗೆ ಬಿಳಿಚಿ ಕದಡಿತ್ತು. ಅದನ್ನು ಪರೀಕ್ಷೆಗೆ ಕಳಿಸಿ, ಉತ್ತರಕ್ಕೆ ಕಾಯದೆ ನರಕ್ಕೆ ಆಂಟಿಬಯಾಟಿಕ್ ಏರಿಸಿದರು. ತಂತಿಯ ಜೊತೆ ಹೊಕ್ಕ ಬ್ಯಾಕ್ಟೀರಿಯಾ ಕೀಲಿನಲ್ಲಿ ಕೀವು ತುಂಬಿಸಿವೆ, ಇವತ್ತೇ ಕೊಯ್ದು ತೊಳೆಯಬೇಕು ಎಂದರು.

“ಕೈ ಉಳಿಯುತ್ತಾ ಡಾಕ್ಟ್ರೇ? ಅವನಿಗೆ ಆ ಕೆಲಸ ಬಿಟ್ರೆ ಬೇರೇನೂ ಗೊತ್ತಿಲ್ಲ.”

“ಕೈ ಉಳಿಸ್ತೀವಮ್ಮಾ. ಆದ್ರೆ ಕೀವು ಮೂಳೆ ತುದಿಯ ಮೆತ್ತನೆ ಪದರಾನ ತಿಂದು ಹಾಕುತ್ತೆ. ಎಷ್ಟು ತಿಂದಿದೆ ಅಂತ ಈಗ್ಲೇ ಹೇಳೋಕಾಗಲ್ಲ. ಕಟ್ಟು ಹಾಕಿದ್ಯಾರು?”

ನಾನೇ ಎಂದೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ಸಲ ತೊಳೆದರು. ವಾರಗಟ್ಟಲೆ ಔಷಧಿ ನಡೆಯಿತು. ಜ್ವರ ಹೋಯಿತು, ಕೀವೂ ಹೋಯಿತು, ಕೀಲು ಮಾತ್ರ ಬಹುಪಾಲು ಸೆಟೆದುಕೊಂಡಿತು. ಮಣಿಕಟ್ಟನ್ನು ಕೊಂಚ ಮೇಲಕ್ಕೆತ್ತಿ ಹಿಡಿಯುವ ಪಟ್ಟಿ ಕೊಟ್ಟರು. ಬೆರಳಿಗೆ ಹಿಡಿತ ಬರಬೇಕಾದರೆ ಮಣಿಕಟ್ಟು ಮೇಲಕ್ಕಿರಬೇಕಂತೆ. ಇಷ್ಟು ವರ್ಷ ಕೈ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ನಮ್ಮ ಕೈಗಳು ಏನನ್ನೂ ಹಿಡಿಯಬೇಕಿರಲಿಲ್ಲವಲ್ಲ.

ವ್ಯಾಯಾಮಕ್ಕೆಂದು ಪಟ್ಟಿ ಬಿಚ್ಚಿದಾಗಲೆಲ್ಲ ಮಣಿಕಟ್ಟು ನಿಧಾನವಾಗಿ ಕೆಳಕ್ಕಿಳಿದು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಸೀಳಿದ ಕಟ್ಟಿನ ಹೋಳುಗಳನ್ನು ನಾನು ಎಸೆದಿರಲಿಲ್ಲ. ನಿನ್ನೆ ಅವನು ಮಲಗಿದ್ದಾಗ ಆ ಕೈಗೇ ಹೊಂದಿಸಿ ನೋಡಿದೆ. ಬಾವು ಇಳಿದಿದ್ದರಿಂದ ಸಡಿಲ, ಆದರೆ ಬಾಗು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನನಗೆ ಅಳು ತಡೆಯಲಾಗಲಿಲ್ಲ.

ಇವತ್ತು ಬೆಳಿಗ್ಗೆ ಅವನು ಪಟ್ಟಿ ಬಿಚ್ಚಿ ಮಣ್ಣು ತಿದ್ದುವ ಕಡ್ಡಿ ಹಿಡಿದ. ಜಾರಿ ಬಿತ್ತು. ಹೆಕ್ಕಿ ಕೊಟ್ಟೆ, ಮತ್ತೆ ಬಿತ್ತು. ಮೂರನೆಯ ಸಲ ಬೇಡವೆಂದು ತಲೆಯಾಡಿಸಿ ಎದ್ದುಹೋದ. ಹಲಗೆಯ ಮೇಲೆ ಎರಡು ಬಿಳಿ ಕೈಗಳ ನಡುವೆ ತನ್ನ ಕೈ ಇಟ್ಟ. ನಾನು ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟಿದೆ. ಮೂರೂ ತಣ್ಣಗಿದ್ದವು.

“ಚೆಂದ ಕಾಣುತ್ತಾ ಅಕ್ಕಾ?” ಎಂದ.