ಹೊರಗಿನ ಬೆಂಚು

ಲಿಫ್ಟುಗಳಿಗೆ ಪರವಾನಗಿ ಕೊಡುವ ನಮ್ಮ ಸಮಿತಿಯಲ್ಲಿ ಒಂದು ಪದ್ಧತಿಯಿದೆ. ಯಾವುದೇ ಕಂಪನಿಯ ವಿಷಯ ಎತ್ತುವ ಮೊದಲು ಅಧ್ಯಕ್ಷರು, ಯಾರಿಗಾದರೂ ಇವರ ಜೊತೆ ಸಂಬಂಧ ಇದೆಯಾ ಎಂದು ಕೇಳುತ್ತಾರೆ. ಇದ್ದವರು ಅದೇನೆಂದು ಎಲ್ಲರೆದುರು ಹೇಳಿ, ತೀರ್ಮಾನವಾಗುವ ತನಕ ಹೊರಗಿನ ಬೆಂಚಿನ ಮೇಲೆ ಕೂರಬೇಕು. ಸಾಮಾನ್ಯವಾಗಿ ಚಹಾ ಕುಡಿಯುತ್ತಲೇ ಎಲ್ಲರೂ ಇಲ್ಲವೆಂದು ತಲೆಯಾಡಿಸಿಬಿಡುತ್ತೇವೆ.

ಅಧ್ಯಕ್ಷರು ನನ್ನ ಭಾವ, ಗಂಡನ ಅಣ್ಣ. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿ ಬಂದ ನಾನು ಎಲ್ಲರಿಗಿಂತ ಕಿರಿಯ ಸದಸ್ಯೆ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಹೋದ ವರ್ಷ ಒಂದು ಕಂಪನಿಯ ಲಿಫ್ಟ್ ರಿಪೇರಿಗೆ ಹೋಗಿದ್ದಾಗ, ಅದರ ಬ್ರೇಕ್ ಹಿಡಿಯದೆ ಅವರ ಕಾಲು ನಜ್ಜುಗುಜ್ಜಾಯಿತು. ವಿಚಾರಣೆ ನಮ್ಮ ಸಮಿತಿಗೇ ಬಂತು. ಹೆಂಡತಿ ತಾನೆ, ನಿಯಮ ಅಂದರೆ ನಿಯಮ ಎಂದು ಭಾವ ನನ್ನನ್ನು ಹೊರಗೆ ಕಳಿಸಿದರು. ತಾವು ಮಾತ್ರ ಕೂತೇ ಇದ್ದರು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರದು ಯಾವ ಸಂಬಂಧ ಅಂತ ನಕ್ಕರಂತೆ. ನಾನು ಬೆಂಚಿನ ಮೇಲೆ ಉಗುರು ಕಚ್ಚುತ್ತಿದ್ದಾಗ ಒಳಗೆ ತೀರ್ಪಾಯಿತು: ತಪ್ಪು ಕೆಲಸಗಾರನದು, ಬ್ರೇಕಿನದಲ್ಲ.

ಮೊನ್ನೆ ಭಾವ ಮನೆಗೆ ಬಂದು, ಮಗನಿಗೆ ಹೆಣ್ಣು ಗೊತ್ತಾಯಿತು ಎಂದರು. ಅದೇ ಲಿಫ್ಟ್ ಕಂಪನಿಯ ಒಡೆಯನ ಮಗಳು. ಹೊಸ ಆಸ್ಪತ್ರೆಯ ಲಿಫ್ಟುಗಳಿಗೆ ಪರವಾನಗಿ ಆಗುವ ತನಕ ಬಾಯಿ ಬಿಡಬೇಡಿ, ನಮ್ಮವರು ಅಂತ ಹೇಳುತ್ತಿದ್ದೇನೆ ಎಂದರು. ನನ್ನ ಗಂಡ ಊರುಗೋಲನ್ನು ಗೋಡೆಗೆ ಒರಗಿಸಿ, "ಈಗ ನೆನಪಾಯ್ತಾ ಅಣ್ಣಾ, ನಮ್ಮವರು ಅಂತ?" ಅಂದರು. ಭಾವ ಕೇಳಿಸದವರ ಹಾಗೆ ಚಪ್ಪಲಿ ಮೆಟ್ಟಿದರು.

ಸಭೆಯ ದಿನ ಬಸ್ಸಿನಲ್ಲಿ ಕೂತು, ನನಗಿರುವುದು ರೋಗಿಗಳ ಚಿಂತೆಯೋ ಹೊಟ್ಟೆಯೊಳಗಿನ ಕಿಚ್ಚೋ ಎಂದು ತೂಗಿ ನೋಡಿದೆ. ಕಿಚ್ಚಿನ ಕಡೆಗೇ ವಾಲಿತು. ವಾಲಲಿ ಅಂದುಕೊಂಡೆ.

ಭಾವ ಫೈಲಿನಿಂದ ಕಣ್ಣೆತ್ತದೆ ಪ್ರಶ್ನೆ ಕೇಳಿದರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ನಿಂತೆ.

"ನನಗೆ ಇದೆ ಸಾರ್. ಕಂಪನಿ ಒಡೆಯರು ನಮ್ಮ ಭಾವನವರಿಗೆ ಬೀಗರಾಗ್ತಿದ್ದಾರೆ."

ಭಾವನ ಮುಖ ಸುಣ್ಣ ಬಳಿದಂತಾಯಿತು. ಇನ್ನೂ ಮದುವೆಯಾಗಿಲ್ಲ, ಬರೀ ಮಾತುಕತೆ ಎಂದು ತಡವರಿಸಿದರು. ಹಿರಿಯ ಸದಸ್ಯೆಯೊಬ್ಬರು ಲೋಟ ಕೆಳಗಿಟ್ಟು, ಬಾಗಿಲ ಕಡೆ ಕೈ ತೋರಿಸಿದರು. ಇಬ್ಬರಿಗೂ.

ಆ ಬೆಂಚು ಇಬ್ಬರಿಗೆ ಇಕ್ಕಟ್ಟು. ಆ ಕಂಪನಿಯ ಬ್ರೇಕನ್ನು ಬಿಚ್ಚಿ ಪರೀಕ್ಷಿಸಲೇಬೇಕು ಎಂದು ಒಳಗೆ ಯಾರೋ ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. ಹೋದ ವರ್ಷದ ಅಪಘಾತವನ್ನೂ ಮತ್ತೆ ಎತ್ತಿಕೊಳ್ಳೋಣ ಎಂದರು ಇನ್ನೊಬ್ಬರು.

"ಮನೆಯವಳಾಗಿ ಹೀಗೆ ಮಾಡ್ಬಿಟ್ಟೆಯಲ್ಲ," ಅಂದರು ಭಾವ.

"ಪಾಲಾಗಿದೆಯಲ್ಲ ಭಾವ," ಅಂದೆ. "ಸ್ವಲ್ಪ ಸರಿದು ಕೂತ್ಕೊಳ್ಳಿ. ಅದು ಅವತ್ತು ನಾನು ಕೂತಿದ್ದ ಜಾಗ."