ಗೇಟಿನಾಚೆ ನಿಂತ ಕಾರು

ಜಂಗಮಕೋಟೆಯ ಆ ಮನೆಯಲ್ಲಿ ರೇಷ್ಮೆಹುಳ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿತ್ತು. ಮನೆಯ ಮಗ ವೆಂಕಟರಾಯ ಹೋದ ವರ್ಷ ಬಂದ ಒಂದೇ ಜ್ವರದಿಂದ ಏಳಲಿಲ್ಲ.

ಅವನ ಕಾರು ಉಳಿದಿತ್ತು. ನಂದಿ ತಪ್ಪಲಿನ ಯಾವುದೋ ಬಂಗಲೆಯ ಹಿಂದೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಆಸ್ಟಿನ್. ಅದನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆದು ತಂದು, ಪೂರಾ ಬಿಚ್ಚಿ, ಮತ್ತೆ ಜೋಡಿಸಿದ್ದ. ಅವನು ಕಾರ್ಬೊರೇಟರಿನ ಸ್ಕ್ರೂ ತಿರುಗಿಸುವಾಗ ಸೀಟಿನಲ್ಲಿ ಕೂತು, "ಈಗ ನಡುಗ್ತದೆ, ಈಗ ಸರಿಹೋಯ್ತು" ಎನ್ನುವುದು ಹೆಂಡತಿ ರತ್ನಮ್ಮನ ಕೆಲಸ. ಮೈಸೂರಿನಲ್ಲಿ ಬಿ.ಎ. ಮಾಡಿದ್ದಕ್ಕೆ ಸಿಕ್ಕ ನೌಕರಿ ಇದೇ ನೋಡು ಎಂದು ಅವನು ರೇಗಿಸುತ್ತಿದ್ದ.

ಹುಳಕ್ಕೆ ಹೊಗೆ ಆಗದು. ಹೊರಗಿಂದ ಬಂದಾಗ ಅವನು ಗೇಟಿನಾಚೆಯೇ ನಿಂತು, ಇಂಜಿನ್ ಆರಿಸದೆ ಕಾಯುತ್ತಿದ್ದ. ಆ ಸದ್ದು ಕೇಳಿ ತಾಯಿ ಅಶ್ವತ್ಥಮ್ಮ ಬೀಗದ ಕೈ ಹಿಡಿದು ಬರುತ್ತಿದ್ದಳು. ಆಮೇಲೆ ಇಂಜಿನ್ ಆರಿಸಿ ಮೂವರೂ ಕಾರನ್ನು ಒಳಕ್ಕೆ ತಳ್ಳುತ್ತಿದ್ದರು.

ಈಗ ಚಿಂತಾಮಣಿಯ ಬಟ್ಟೆ ವ್ಯಾಪಾರಿಯೊಬ್ಬರು ಕಾರು ಕೇಳಿದ್ದರು. ನಿಂತಲ್ಲಿ ಇಂಜಿನ್ ಆರಿಹೋದರೆ ಬೇಡ ಎಂದಿದ್ದರು. ಆರಿಹೋಗಲಿ ಎಂದೇ ರತ್ನಮ್ಮನ ಆಸೆ. ಅವಳಿಗೆಂದು ಆ ಮನೆಯಲ್ಲಿ ಉಳಿದಿದ್ದು ಆ ಸೀಟೊಂದೇ.

ಶಿಡ್ಲಘಟ್ಟದಿಂದ ಬಂದ ಮೆಕ್ಯಾನಿಕ್ ಕೋನಪ್ಪ ಬೆಳಗಿನಿಂದ ಗೇಟಿನಾಚೆ ಬಾನೆಟ್ ಎತ್ತಿ ನಿಂತಿದ್ದ. ಜೆಟ್ ಊದಿದ, ಪೆಟ್ರೋಲ್ ಬದಲಿಸಿದ. ಇಂಜಿನ್ ಬಿಸಿಯಾದ ಕೂಡಲೇ ಕೆಮ್ಮಿ ಆರುತ್ತಿತ್ತು.

"ಕೋಳಿಗಳ ಶಾಪ ಕಣಕ್ಕಯ್ಯ. ಅವುಗಳ ಮನೆ ಕಿತ್ಕೊಂಡ್ರಲ್ಲ," ಎಂದ. ಆಮೇಲೆ ಕೈ ಒರೆಸಿಕೊಂಡು, "ಅಣ್ಣ ಈ ಸ್ಕ್ರೂ ಹೆಂಗೆ ಇಡ್ತಿದ್ರು? ನೀವೇ ಅಲ್ವಾ ಜೊತೆಗೆ ಕೂತ್ಕೊಳ್ತಿದ್ದೋರು?"

"ಗೊತ್ತಿಲ್ಲ," ಎಂದಳು ರತ್ನಮ್ಮ.

ಅಶ್ವತ್ಥಮ್ಮ ಗೇಟಿನ ಮೇಲಿಂದ ಮಜ್ಜಿಗೆ ಚೊಂಬು ನೀಡಿದಳು. "ಆಗಲಿಲ್ವೇನಪ್ಪ?"

"ಇಲ್ಲಮ್ಮ. ಇನ್ನೊಂದ್ಸಲ ನೋಡ್ತೀನಿ, ಆಗದಿದ್ರೆ ಒಳಗೇ ತಳ್ಳಿಬಿಡಣ."

ಅತ್ತೆ ಸೊಸೆಯ ಕಡೆ ತಿರುಗಿದಳು. "ಹೆಂಗಾದ್ರೂ ಹೋಗ್ಲಿ ಕಣಮ್ಮ. ಅದು ಇಲ್ಲಿರೋಗಂಟ ಸಂಜೆಯಾದ್ರೆ ನನ್ನ ಕಿವಿ ಗೇಟಿನ ಕಡೆಗೇ ಇರ್ತದೆ. ಯಾವ ಲಾರಿ ಬಂದ್ರೂ ಎದ್ದು ಬರ್ತೀನಿ. ಬಂದು ನೋಡಿ ವಾಪಸ್ ಹೋಗ್ತೀನಿ." ಖಾಲಿ ಚೊಂಬು ಹಿಡಿದು ಒಳಗೆ ಹೋದಳು.

ರತ್ನಮ್ಮ ಬಾನೆಟ್ಟಿನ ಬಳಿಗೆ ಬಂದಳು. ಆಮೇಲೆ ಕೋನಪ್ಪನ ಕೈಯಿಂದ ಸ್ಕ್ರೂ ಡ್ರೈವರ್ ತೆಗೆದುಕೊಂಡಳು. "ನೀನು ಸೀಟಲ್ಲಿ ಕೂತು ಸ್ಟಾರ್ಟ್ ಮಾಡಪ್ಪ."

ಎಡಗೈ ಮಡ್‌ಗಾರ್ಡ್ ಮೇಲಿಟ್ಟಳು, ಗಂಡ ಇಡುತ್ತಿದ್ದ ಹಾಗೆ. ಗಾಳಿ ಬಿಡುವ ಸ್ಕ್ರೂವನ್ನು ಚೂರು ಚೂರೇ ಸಡಿಲಿಸಿದಳು. ಕೆಮ್ಮು ನಿಂತಿತು. ವೇಗದ ಸ್ಕ್ರೂವನ್ನು ಇಳಿಸುತ್ತ ಬಂದಳು. ತಗಡಿನ ನಡುಕ ಅಂಗೈಯಡಿ ಕರಗಿತು. ಇಂಜಿನ್ ಮೆತ್ತಗೆ, ಯಾರನ್ನೋ ಕಾಯುವಂತೆ ಓಡತೊಡಗಿತು.

ಹುಳುಮನೆಯ ಬಾಗಿಲು ತೆರೆಯಿತು. ಅಶ್ವತ್ಥಮ್ಮ ಬೀಗದ ಕೈ ಹಿಡಿದು ಬೇಗ ಬೇಗ ಬರುತ್ತಿದ್ದಳು. ತಲೆಯಲ್ಲಿ ಹಿಪ್ಪುನೇರಳೆ ಎಲೆಯ ಚೂರು. ಮುಖದಲ್ಲಿ ಆ ವರ್ಷ ಯಾರೂ ಕಾಣದ ಕಳೆ. ಅರ್ಧ ದಾರಿಗೆ ಬಂದು, ಬಾನೆಟ್ಟಿಗೆ ಬಗ್ಗಿದ ಸೊಸೆಯನ್ನು ನೋಡಿ ನಿಂತಳು.

ರತ್ನಮ್ಮ ತಲೆಯೆತ್ತಲಿಲ್ಲ. ವೇಗದ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದಳು. ಸದ್ದು ಏರಿ ಒರಟಾಯಿತು.

"ಅಯ್ಯೋ, ಚೆನ್ನಾಗಿತ್ತಲ್ಲಕ್ಕಯ್ಯ, ಯಾಕೆ ಕೆಡಿಸಿದ್ರಿ?"

"ಹಿಂಗೇ ಇರ್ಲಿ. ಆರಲ್ಲ. ತಗೊಂಡು ಹೋಗು."

ಕಾರು ಹೋಯಿತು. ತಿರುವಿನಾಚೆಯೂ ಸ್ವಲ್ಪ ಹೊತ್ತು ಕೇಳಿತು. ಅಶ್ವತ್ಥಮ್ಮ ಗೇಟು ತೆಗೆದು ಸೊಸೆಯನ್ನು ಒಳಗೆ ಬಿಟ್ಟುಕೊಂಡಳು.

"ಹೋಗ್ತಾ ಯಾರ್ದೋ ಬೇರೆ ಕಾರಿನ ಸದ್ದಿದ್ದಂಗಿತ್ತು," ಎಂದಳು.

"ಹೂಂ ಅತ್ತೆ."

"ಕೈ ತೊಳ್ಕೊಂಡು ಬಾ. ಸೊಪ್ಪು ಹಾಕ್ಬೇಕು. ಪೆಟ್ರೋಲ್ ವಾಸ್ನೆ ಹುಳಕ್ಕಾಗಲ್ಲ."

ರತ್ನಮ್ಮ ಬಚ್ಚಲಲ್ಲಿ ಸೀಗೆಪುಡಿ ಹಾಕಿ ಉಜ್ಜಿದಳು. ಮೂಸಿ ನೋಡಿದಳು; ಪೆಟ್ರೋಲ್ ವಾಸನೆ ಇನ್ನೂ ಇತ್ತು. ಮತ್ತೆ ಉಜ್ಜಲಿಲ್ಲ. ಹಾಗೇ ಬಂದು ಹುಳುಮನೆಯ ಹೊಸ್ತಿಲಾಚೆ ಕೂತಳು.